ಸುಂಕದವನ ಮುಖ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಹೇಳಿಕೊಂಡು ಫಲವಿರಲಿಲ್ಲವೆಂಬುದೇನೋ ನಿಜ. ಆದರೆ ಹೇಳಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಾದರೂ ಇದ್ದ. ಈಗ ಅವನೂ ಮರೆಯಾಗಿದ್ದಾನೆ. 2020ರ ಜೂನ್ 8ರಂದು ಬೆಂಗಳೂರು, ಚೆನ್ನೈಗಳಲ್ಲಿ ಯಂತ್ರಸಾಮಗ್ರಿಗಳ ಆಮದಿಗೆಂದು ‘ಮುಖವಿಲ್ಲದ’ ಸುಂಕ ನಿರ್ಧಾರ ಮೊದಲಾಯಿತು. ಆ ಅಕ್ಟೋಬರ್ ಮುಗಿಯುವಷ್ಟರಲ್ಲಿ ದೇಶದಾದ್ಯಂತ ಹಬ್ಬಿತು. ಸರಕು ಬೆಂಗಳೂರಿನಲ್ಲಿ ಇಳಿದರೂ ಅದರ ಕಾಗದಗಳನ್ನು ನೋಡುವ ಅಧಿಕಾರಿ ಬೇರೆ ಯಾವುದೋ ಊರಿನಲ್ಲಿ ಕುಳಿತಿರಬಹುದು. ಅವನ ಬಳಿಗೂ ಎಲ್ಲ ಕಾಗದಗಳು ಹೋಗುವುದಿಲ್ಲ. ಯಾವುದರಲ್ಲಿ ಸಂಶಯಕ್ಕೆ ಎಡೆಯಿದೆಯೆಂಬುದನ್ನು ಗಣಕಯಂತ್ರ ಮೊದಲೇ ತೂಗಿನೋಡಿ, ಕೆಲವನ್ನು ತಡೆದು, ಉಳಿದವನ್ನು ದಾಟಿಸಿಬಿಡುತ್ತದೆ.

ನಾನು ಯಂತ್ರದ್ವೇಷಿಯಲ್ಲ. ಆಹಾರಕ್ಕೊಂದು, ಸಸ್ಯರೋಗಕ್ಕೊಂದು, ಔಷಧಕ್ಕೊಂದು ಕಚೇರಿಯೆಂದು ಅಲೆಯುತ್ತಿದ್ದ ವರ್ತಕನಿಗೆ 2016ರ ಏಪ್ರಿಲ್ 1ರಿಂದ ಒಂದೇ ಕಿಟಕಿ ದೊರೆಯಿತು. ಯಂತ್ರ ಮೇಜಿನ ಕೆಳಗೆ ಕೈ ಚಾಚುವುದಿಲ್ಲ. ಯಾರ ಕಡೆಯವರೆಂದು ಕೇಳುವುದಿಲ್ಲ. ಯುರೋಪಿನ ಒಕ್ಕೂಟದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರು 2022ರಲ್ಲಿ ಮಾಡಿದ ಕಾಯಿದೆಯಂತೆ ಸುಂಕದ ಇಲಾಖೆಯ ಯಂತ್ರವು ಪ್ರಮಾಣಪತ್ರಗಳ ಭಂಡಾರವನ್ನೇ ನೇರವಾಗಿ ವಿಚಾರಿಸಿ ತಾಳೆ ನೋಡುತ್ತದೆ; ಕೆಲವು ಬಗೆಯ ಪತ್ರಗಳಿಗೆ 2025ರ ಮಾರ್ಚಿನಿಂದ ಇದು ಕಡ್ಡಾಯ. ನೂರು ಮೂಟೆಗೆ ಪಡೆದ ಪತ್ರದ ಮೇಲೆ ಅರವತ್ತು ಮೂಟೆ ಬಂದರೆ, ಮಿಕ್ಕ ನಲವತ್ತರ ಲೆಕ್ಕವನ್ನು ಇಟ್ಟುಕೊಳ್ಳಬಲ್ಲುದು. ಒಂದೇ ಪತ್ರವನ್ನು ಎರಡು ಬಂದರುಗಳಲ್ಲಿ ತೋರಿಸುವ ಹಳೆಯ ಚಾಲಾಕಿಗೆ ಅಲ್ಲಿ ಎಡೆಯಿಲ್ಲ. ಇದು ಸಣ್ಣ ಲಾಭವಲ್ಲ.

ಆದರೂ ನನಗೊಂದು ಅಳುಕಿದೆ. ಅದನ್ನು ಹುಟ್ಟಿಸಿದವನು ಕೊಡಗಿನಲ್ಲಿ ಕಾಫಿ ತೋಟ ಮಾಡಿಕೊಂಡಿರುವ ನನ್ನ ಹಳೆಯ ಸಹಪಾಠಿ. ಅವನ ತೋಟದ ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ ಹಬ್ಬಿದೆ. ಕಾಫಿ ಕೈಕೊಟ್ಟ ವರ್ಷ ಮನೆಯನ್ನು ನಡೆಸುವುದು ಆ ಬಳ್ಳಿಯೇ. ಮೆಣಸನ್ನು ಜಗತ್ತಿನಲ್ಲಿ ಅತಿ ಹೆಚ್ಚಾಗಿ ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿಂದ ನೇರವಾಗಿ ಬಂದ ಮೆಣಸಿಗೆ ಭಾರಿ ಸುಂಕವುಂಟು. ಶ್ರೀಲಂಕೆಯೊಡನೆ ಮಾಡಿಕೊಂಡು 2000ದಿಂದ ಜಾರಿಯಲ್ಲಿರುವ ಒಪ್ಪಂದದಲ್ಲಾದರೋ, ವರ್ಷಕ್ಕೆ 2,500 ಟನ್ ಮೆಣಸಿಗೆ ಸುಂಕವೇ ಇಲ್ಲ. ಕಾಳು ಯಾವ ಮಣ್ಣಿನದೆಂದು ಸಾರುವುದು ಮೂಲದ ಪ್ರಮಾಣಪತ್ರ. ಒಂದು ದೇಶದ ಮೆಣಸು ಇನ್ನೊಂದು ದೇಶದ ಹೆಸರು ಹೊತ್ತು ಬರುತ್ತಿದೆಯೆಂಬುದು ನಮ್ಮ ಬೆಳೆಗಾರರ ಬಹುಕಾಲದ ದೂರು. ಬೆಲೆ ಕುಸಿದಾಗ, 2017ರ ಡಿಸೆಂಬರಿನಲ್ಲಿ, ಕಿಲೋಗೆ 500 ರೂಪಾಯಿಯನ್ನು ಆಮದಿನ ಕನಿಷ್ಠ ಬೆಲೆಯೆಂದು ಸರ್ಕಾರ ಗೊತ್ತುಮಾಡಬೇಕಾಯಿತು.

ಯಂತ್ರದ ತನಿಖೆಯ ವಿಷಯವನ್ನು ನಾನು ಉತ್ಸಾಹದಿಂದ ವಿವರಿಸಿದೆ. ಅವನು ಕೇಳಿಸಿಕೊಂಡು, “ಯಂತ್ರ ಕಾಗದ ಓದುತ್ತೆ, ಸರಿ. ಕಾಳು ಓದೋರು ಯಾರಯ್ಯಾ?” ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ಪತ್ರ ನಿಜವೇ ಎಂಬುದು ಒಂದು ಪ್ರಶ್ನೆ. ಪತ್ರದಲ್ಲಿ ಬರೆದದ್ದು ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಯಂತ್ರ ಕ್ಷಣಮಾತ್ರದಲ್ಲಿ ಉತ್ತರ ಹೇಳೀತು. ಎರಡನೆಯದಕ್ಕೆ ಯಾರಾದರೂ ಮೂಟೆ ಬಿಚ್ಚಬೇಕು, ತೋಟದವರೆಗೆ ವಿಚಾರಿಸಿಕೊಂಡು ಹೋಗಬೇಕು. ಕೌಟಿಲ್ಯನ ಶುಲ್ಕಾಧ್ಯಕ್ಷನೂ ವರ್ತಕನನ್ನು ನೀನು ಯಾರು, ಎಲ್ಲಿಂದ ಬಂದೆ, ಎಷ್ಟು ಸರಕು, ಮುದ್ರೆ ಒತ್ತಿಸಿಕೊಂಡದ್ದೆಲ್ಲಿ ಎಂದು ಕೇಳಿ ಬರೆಸಿಕೊಳ್ಳುತ್ತಿದ್ದ. ಮುದ್ರೆಯಿಲ್ಲದ ಸರಕಿಗೆ ಸುಂಕದ ಎರಡರಷ್ಟು ದಂಡ, ಕಳ್ಳಮುದ್ರೆಗೆ ಎಂಟರಷ್ಟು. ಆದರೆ ಮುದ್ರೆ ನಿಜವಾಗಿದ್ದು ಮಾತು ಮಾತ್ರ ಸುಳ್ಳಾಗಿದ್ದರೆ? ಅಂಥ ಪತ್ರದ ಸಂಖ್ಯೆ, ತೂಕ, ತಾರೀಖು ಎಲ್ಲವೂ ತಾಳೆಯಾಗುತ್ತವೆ. ಯಂತ್ರ ಅದನ್ನು ಗೌರವದಿಂದಲೇ ಒಳಗೆ ಬಿಟ್ಟೀತು.

ನಮ್ಮ ಕಾಯಿದೆಗೆ ಇದು ತಿಳಿಯದ ಸಂಗತಿಯಲ್ಲ. 2020ರಲ್ಲಿ ಸುಂಕದ ಕಾಯಿದೆಗೆ ಸೇರಿಸಿದ ವಿಧಿಯೊಂದರ ಪ್ರಕಾರ, ಮೂಲದ ಪ್ರಮಾಣಪತ್ರವನ್ನು ಒಪ್ಪಿಸಿದ ಮಾತ್ರಕ್ಕೆ ಆಮದುಗಾರನ ಹೊಣೆ ತೀರುವುದಿಲ್ಲ. ಸರಕಿನ ಮೂಲದ ವಿವರವನ್ನು ಅವನು ತಾನೇ ಬಲ್ಲವನಾಗಿರಬೇಕು. ಸಂಶಯ ಬಂದರೆ ಪತ್ರ ಕೊಟ್ಟ ದೇಶವನ್ನೇ ವಿಚಾರಿಸಲೂ ಅಧಿಕಾರವಿದೆ. ವಿವೇಕದ ಮಾತು. ಆದರೆ ಸಂಶಯಪಡುವ ಕೆಲಸವನ್ನೂ ಯಂತ್ರಕ್ಕೇ ಪೂರ್ತಿ ಒಪ್ಪಿಸಿ ನಾವು ಸುಮ್ಮನೆ ಕುಳಿತರೆ, ಈ ವಿವೇಕ ಪುಸ್ತಕದಲ್ಲಿಯೇ ಉಳಿಯುತ್ತದೆ.

ಯಂತ್ರ ಉಳಿಸಿಕೊಟ್ಟ ವೇಳೆಯನ್ನು ಏನು ಮಾಡುತ್ತೇವೆಂಬುದೇ ಮುಖ್ಯ. ಕಾಗದ ತಿರುವುವ ಶ್ರಮದಿಂದ ಬಿಡುಗಡೆ ಹೊಂದಿದ ಅಧಿಕಾರಿಯನ್ನು ಸರಕಿನ ಬಳಿಗೆ ಕಳುಹಿಸಬೇಕು. ಪ್ರಾಮಾಣಿಕನ ಸರಕನ್ನು ಯಂತ್ರ ತಡೆದಾಗ, ತಡೆದ ಕಾರಣವನ್ನು ಅವನಿಗೆ ತಿಳಿಸುವ ಒಬ್ಬ ಹೊಣೆಗಾರನಿರಬೇಕು. ಅಷ್ಟಾಗುವುದಾದರೆ ಸುಂಕದವನ ಮುಖ ಕಾಣದಿದ್ದುದಕ್ಕೆ ನನಗೆ ಚಿಂತೆಯಿಲ್ಲ. ನನ್ನ ಗೆಳೆಯ ಇಂದಿಗೂ ಮೆಣಸನ್ನು ಕೊಳ್ಳುವವನ ಎದುರಿಗೇ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ, ಮೂಸಿನೋಡಿ, ಆಮೇಲೆ ತೂಕಕ್ಕೆ ಹಾಕುತ್ತಾನೆ. ಗಡಿಯಲ್ಲಿಯೂ ಯಾರಾದರೊಬ್ಬರು ಅಷ್ಟನ್ನು ಮಾಡಲೆಂಬುದೇ ಅವನ ಬೇಡಿಕೆ. ಅದು ಅತಿಯಾಯಿತೆಂದು ನನಗನ್ನಿಸುವುದಿಲ್ಲ.