ಅಂಕಿಯಲ್ಲಿ, ಅಕ್ಷರದಲ್ಲಿ

ಸರ್ಕಾರಿ ಬಿಲ್ಲುಗಳಲ್ಲಿ ಮೊತ್ತವನ್ನು ಎರಡು ಸಲ ಬರೆಯುವುದು ರೂಢಿ: ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ. ಮೊತ್ತ ಒಂದೇ, ಅದರ ವೇಷಗಳು ಎರಡು. ಕಚೇರಿಗಳಲ್ಲಿ ದುಡಿಯುವ ನಮಗೆ ಇದು ಎಷ್ಟು ಸಹಜವೆಂದರೆ, ಸಂಖ್ಯೆಯೇ ಬೇರೆ, ಅದನ್ನು ಕಾಣಿಸುವ ಗುರುತೇ ಬೇರೆ ಎಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲ. ಜಾವಾ ಕಲಿಯುವ ಮಕ್ಕಳಿಗೆ ಮಾತ್ರ ಅದು ಮೊದಲ ವಾರದಲ್ಲಿಯೇ ಬಂದೀತು.

ಪಠ್ಯ ಕಡತಕ್ಕೆ ಬರೆಯಲು ಜಾವಾದಲ್ಲಿ ‘ಫೈಲ್‌ರೈಟರ್’ ಎಂಬ ಸಾಧನವಿದೆ. ಅದರ ‘ರೈಟ್’ ಆಜ್ಞೆಗೆ 65 ಎಂಬ ಪೂರ್ಣಾಂಕವನ್ನು ಕೊಟ್ಟರೆ ಕಡತದಲ್ಲಿ ಮೂಡುವುದು 65 ಅಲ್ಲ, ಇಂಗ್ಲಿಷಿನ ದೊಡ್ಡ ‘ಎ’. ಯುನಿಕೋಡ್ ಪಟ್ಟಿಯಲ್ಲಿ ಆ ಕ್ರಮಾಂಕ ಪಡೆದಿರುವ ಅಕ್ಷರ ಅದು. 10 ಕೊಟ್ಟರೆ ಏನೂ ಕಾಣಿಸದು, ಸಾಲು ಮುರಿದಿರುತ್ತದೆ, ಅಷ್ಟೆ. 3205 ಕೊಟ್ಟರೆ, ಕಡತ ಯುಟಿಎಫ್-8 ಕ್ರಮದಲ್ಲಿದ್ದ ಪಕ್ಷದಲ್ಲಿ, ನಮ್ಮ ‘ಅ’ಕಾರವೇ ಬಂದು ಕುಳಿತಿರುತ್ತದೆ! ಕಂಪೈಲರ್ ಆಕ್ಷೇಪಿಸುವುದಿಲ್ಲ, ಪ್ರೋಗ್ರಾಂ ನಿಲ್ಲುವುದೂ ಇಲ್ಲ. ತಪ್ಪು ಮೌನವಾಗಿ ಕಡತ ಸೇರುತ್ತದೆ.

ಪರಿಹಾರ ಕಷ್ಟದ್ದಲ್ಲ. ‘ಸ್ಟ್ರಿಂಗ್.ವ್ಯಾಲ್ಯೂಆಫ್’ ಮೂಲಕ ಸಂಖ್ಯೆಯನ್ನು ಮೊದಲು ಅಂಕಿಗಳ ಸಾಲಾಗಿಸಬೇಕು, ಇಲ್ಲವೇ ‘ಪ್ರಿಂಟ್‌ರೈಟರ್’ನ ‘ಪ್ರಿಂಟ್’ ಬಳಸಬೇಕು. ಕೊನೆಗೆ ಕಡತವನ್ನು ಮುಚ್ಚಬೇಕು. ದಶಮಾಂಶಗಳ ಗೋಜು ಬೇರೆಯೇ ಇದೆ. ‘ಡಬಲ್’ ಬಗೆಯ ಒಂದು ಕೋಟಿಯನ್ನು ಹಾಗೆಯೇ ಬರೆಸಿದರೆ ‘1.0ಇ7’ ಎಂದು ಮೂಡುತ್ತದೆ. 0.1ಕ್ಕೆ 0.2 ಕೂಡಿಸಿದರೆ 0.30000000000000004. ಹಣದ ಲೆಕ್ಕಕ್ಕೆ ‘ಬಿಗ್‌ಡೆಸಿಮಲ್’ ಇರುವುದು ಇದೇ ಕಾರಣಕ್ಕೆ.

ಇಲ್ಲಿ ಎಡವಿದ ಮಗುವನ್ನು ಅಜಾಗರೂಕತೆಗಾಗಿ ಗದರಿಸುವುದನ್ನು ನಾವು ಒಪ್ಪುವುದಿಲ್ಲ. ‘ಪ್ರಿಂಟ್’ ಎಂದರೆ ಅಂಕಿ, ‘ರೈಟ್’ ಎಂದರೆ ಅಕ್ಷರ ಎಂದು ಯಾವ ನಿಘಂಟಿನಲ್ಲಿಯೂ ಇಲ್ಲ. ಹೆಸರಿಟ್ಟವರ ಹೊಣೆ ಇಲ್ಲಿ ಅರ್ಧಕ್ಕಿಂತ ಹೆಚ್ಚು. ಉಳಿದದ್ದು ಕಲಿಸುವವರದು, ಪರಿಹಾರದ ಸಾಲನ್ನು ಬಾಯಿಪಾಠ ಮಾಡಿಸಿ ಕಾರಣವನ್ನು ಬಿಟ್ಟುಬಿಡುವವರು ಅವರು.

ಆ ಕಾರಣವನ್ನು ಕನ್ನಡದಲ್ಲಿ ಹೇಳುವುದು ಸುಲಭ ಎಂಬುದು ನಮ್ಮ ವಾದ. ಮುಂಬಯಿ, ಪುಣೆಗಳ ಐಸಿಎಸ್‌ಇ ಶಾಲೆಗಳಲ್ಲಿ ಕಂಪ್ಯೂಟರ್ ವಿಷಯ ಆರಿಸಿಕೊಂಡ ನಮ್ಮ ಮಕ್ಕಳು 9ನೆಯ ತರಗತಿಯಿಂದಲೇ ಜಾವಾ ಓದುತ್ತಾರೆ. ಅವರೊಡನೆ ಕನ್ನಡವನ್ನು ಊಟ, ಹಬ್ಬ, ಊರಿನ ಫೋನಿಗಷ್ಟೇ ಮೀಸಲಿಟ್ಟಿದ್ದೇವೆ. ಪಾಠದ ಮಾತು ಬಂದೊಡನೆ ಇಂಗ್ಲಿಷಿಗೆ ಹೊರಳುತ್ತೇವೆ. ಸಂಖ್ಯೆ, ಅಂಕಿ, ಅಕ್ಷರ ಎಂಬ ಮೂರು ಮಾತುಗಳನ್ನು ಬಿಡಿಸಿಟ್ಟರೆ ಮೇಲಿನ ಗೊಂದಲ ಅರ್ಧ ಗಂಟೆಯಲ್ಲಿ ಕರಗೀತು. ಅಕ್ಷರಕ್ಕೆ ಸಂಖ್ಯೆ ನಿಲ್ಲುವುದು ನಮಗೆ ಹೊಸತೂ ಅಲ್ಲ. ಕುಮುದೇಂದು ಮುನಿಯದೆನ್ನಲಾಗುವ ‘ಸಿರಿಭೂವಲಯ’ದ ಚೌಕಗಳಲ್ಲಿ ಅಕ್ಷರಗಳ ಬದಲಿಗೆ ಇರುವುದು 1ರಿಂದ 64ರವರೆಗಿನ ಸಂಖ್ಯೆಗಳೇ.

ಇನ್ನೊಂದು ಸಂಗತಿ. ‘ಇಂಟಿಜರ್.ಪಾರ್ಸ್‌ಇಂಟ್’ಗೆ ‘೬೫’ ಎಂಬ ಕನ್ನಡ ಅಂಕಿಗಳನ್ನು ಕೊಟ್ಟು ನೋಡಿ: ಜಾವಾ ಅದನ್ನು ಅರವತ್ತೈದು ಎಂದೇ ಓದಿಕೊಳ್ಳುತ್ತದೆ. ಮಕ್ಕಳೆದುರು ಮಾಡಿ ತೋರಿಸಲು ಎರಡು ಸಾಲು ಸಾಕು.