ನೆಲದಡಿಯ ಋಣಭಾರ

ಹಳೆಯ ಕಾರ್ಖಾನೆಯ ಜಮೀನನ್ನು ಕೊಳ್ಳಲು ಮುಂದಾದ ಉದ್ಯಮಿಯು ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ತೆಗೆಸುತ್ತಾರೆ. ಮೂಲಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ. ಖಾತೆ, ಕಂದಾಯ, ವಿದ್ಯುತ್ ಬಾಕಿ, ಬ್ಯಾಂಕಿನ ಅಡಮಾನ ಎಲ್ಲವನ್ನೂ ಪರಿಶೀಲಿಸುತ್ತಾರೆ. ಆ ಜಮೀನಿನ ಮಣ್ಣಿನಲ್ಲಿ, ಮಣ್ಣಿನ ಕೆಳಗಿನ ನೀರಿನಲ್ಲಿ ಏನು ಸೇರಿದೆ ಎಂದು ವಿಚಾರಿಸುವ ಪದ್ಧತಿ ಮಾತ್ರ ರಾಜ್ಯದ ವಾಣಿಜ್ಯ ವಲಯದಲ್ಲಿ ಇನ್ನೂ ಬೇರೂರಿಲ್ಲ. 2025ರ ಜುಲೈ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯವು ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಿದೆ. ಹೀಗಿರುವಾಗ ಈ ಉದಾಸೀನವು ಇನ್ನು ಮುಂದೆ ದುಬಾರಿಯಾಗಲಿದೆ. ಎಷ್ಟು ದುಬಾರಿ ಎಂಬುದನ್ನು ಅರಿಯಲು ಅಮೆರಿಕದ ಎಲೆಕ್ಟ್ರಾನಿಕ್ಸ್ ಉದ್ಯಮದ ಅನುಭವಕ್ಕಿಂತ ಉತ್ತಮ ನಿದರ್ಶನ ದೊರೆಯದು.

ಹೊಗೆಕೊಳವೆ ಇಲ್ಲದ ಕಾರ್ಖಾನೆ ಮಾಲಿನ್ಯ ಮಾಡುವುದಿಲ್ಲ ಎಂಬ ನಂಬಿಕೆ ಒಂದು ಕಾಲಕ್ಕೆ ಅಲ್ಲಿಯೂ ಪ್ರಬಲವಾಗಿತ್ತು. ಹಣ್ಣಿನ ತೋಟಗಳಿಗೆ ಹೆಸರಾಗಿದ್ದ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಗೆ ಚಿಪ್ ತಯಾರಿಕಾ ಘಟಕಗಳು ಬಂದಾಗ, ಉದ್ಯಾನಗಳ ನಡುವಿನ ಆ ತಗ್ಗು ಕಟ್ಟಡಗಳನ್ನು ಕಂಡವರು ಅವುಗಳನ್ನು ಕಾಲೇಜು ಆವರಣಗಳೆಂದೇ ಭಾವಿಸಬಹುದಿತ್ತು. ಚಿಪ್‌ಗಳನ್ನು ಧೂಳಿನ ಕಣವೂ ಸೋಕದಂತೆ ತಯಾರಿಸಲು ಅಪಾರ ಪ್ರಮಾಣದ ದ್ರಾವಕಗಳು ಬೇಕಾಗುತ್ತಿದ್ದವು. ಬಳಸಿ ಉಳಿದ ದ್ರಾವಕವು ನೆಲದಡಿಯ ತೊಟ್ಟಿಗಳಿಗೆ ಹೋಗುತ್ತಿತ್ತು. ಬೆಂಕಿಯ ಭಯದಿಂದ ತೊಟ್ಟಿಗಳನ್ನು ನೆಲದೊಳಗೆ ಹೂಳುವುದೇ ಸುರಕ್ಷಿತವೆಂದು ಅಗ್ನಿಶಾಮಕ ನಿಯಮಗಳು ಅಂದು ಪರಿಗಣಿಸಿದ್ದವು. ಕಣ್ಣಿಗೆ ಕಾಣದ ತೊಟ್ಟಿ ಸೋರಿದರೂ ಕಾಣದು ಎಂಬುದು ಯಾರಿಗೂ ಹೊಳೆಯಲಿಲ್ಲ.

1981ರ ಕೊನೆಯಲ್ಲಿ ದಕ್ಷಿಣ ಸ್ಯಾನ್ ಹೋಸೆಯ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಘಟಕದಲ್ಲಿ ಅದು ಹೊರಬಿದ್ದಿತು. 1977ರಲ್ಲಿ ಆರಂಭವಾದ, ಇನ್ನೂ ಐದು ವರ್ಷವೂ ತುಂಬದ ಘಟಕವದು. ಅಲ್ಲಿನ ತ್ಯಾಜ್ಯ ತೊಟ್ಟಿಯಿಂದ ಸುಮಾರು 60,000 ಗ್ಯಾಲನ್, ಅಂದರೆ ಎರಡು ಲಕ್ಷ ಲೀಟರಿಗೂ ಮೀರಿದ ದ್ರಾವಕವು ನೆಲಕ್ಕಿಳಿದಿತ್ತೆಂದು ಅಂದಾಜಿಸಲಾಯಿತು. ಸುಮಾರು 600 ಮೀಟರ್ ದೂರದಲ್ಲಿ ಸುತ್ತಲಿನ ಮನೆಗಳಿಗೆ ಕುಡಿಯುವ ನೀರೊದಗಿಸುವ ಬಾವಿಯೊಂದಿತ್ತು. ಟ್ರೈಕ್ಲೋರೋಈಥೇನ್ ಎಂಬ ದ್ರಾವಕ ಅದರಲ್ಲಿಯೂ ಪತ್ತೆಯಾಯಿತು. ಬಾವಿಯನ್ನು ಮುಚ್ಚಲಾಯಿತು. ಆದರೆ ಆ ನೀರನ್ನು ಕುಡಿದಿದ್ದ ಜನರಿಗೆ ವಿಷಯ ತಿಳಿದದ್ದು 1982ರ ಜನವರಿಯಲ್ಲಿ, ಅದೂ ಪತ್ರಿಕೆಗಳ ಮೂಲಕ. ಆ ಬಡಾವಣೆಯಲ್ಲಿ ಗರ್ಭಪಾತ ಹಾಗೂ ಶಿಶುಗಳ ಹುಟ್ಟುದೋಷಗಳ ಪ್ರಮಾಣ ಅಧಿಕವಾಗಿತ್ತೆಂದು ರಾಜ್ಯದ ಆರೋಗ್ಯ ಇಲಾಖೆಯ 1985ರ ಅಧ್ಯಯನವು ಕಂಡುಕೊಂಡಿತು. ಅದಕ್ಕೆ ಈ ಸೋರಿಕೆಯೇ ಕಾರಣವೆಂದು ಸಿದ್ಧಪಡಿಸಲು ಸಾಧ್ಯವಾಗಲಿಲ್ಲ. ಘಟಕವು 1983ರಲ್ಲಿಯೇ ಮುಚ್ಚಿತ್ತು. ಬಳಿಕ ಸುತ್ತಲಿನ ಕಣಿವೆಯಲ್ಲಿ ಹುಡುಕಿದಲ್ಲೆಲ್ಲ ಇಂತಹವೇ ತೊಟ್ಟಿಗಳು, ಇಂತಹವೇ ಸೋರಿಕೆಗಳು. ಆ ಒಂದು ಜಿಲ್ಲೆಯಲ್ಲಿ 23 ತಾಣಗಳು ಅಮೆರಿಕದ ‘ಸೂಪರ್‌ಫಂಡ್’ ಶುದ್ಧೀಕರಣ ಪಟ್ಟಿಗೆ ಸೇರಿದವು. ಆ ದೇಶದ ಬೇರಾವ ಜಿಲ್ಲೆಯಲ್ಲಿಯೂ ಇಷ್ಟಿಲ್ಲ.

ವ್ಯಾಪಾರದ ದೃಷ್ಟಿಯಿಂದ ಈ ಪ್ರಕರಣದ ಅತ್ಯಂತ ಬೋಧಪ್ರದ ಭಾಗ ಬೇರೆಯೇ ಇದೆ. ತೈಲಬಾವಿಗಳಿಗೆ ತಾಂತ್ರಿಕ ಸೇವೆ ಒದಗಿಸುವ ಷ್ಲುಂಬರ್ಜೆ ಸಂಸ್ಥೆಯು 1979ರಲ್ಲಿ ಸುಮಾರು 42 ಕೋಟಿ ಡಾಲರ್ ಕೊಟ್ಟು ಫೇರ್‌ಚೈಲ್ಡ್ ಅನ್ನು ಕೊಂಡಿತ್ತು. ಸೋರಿಕೆ ಬಯಲಾದದ್ದು ಎರಡು ವರ್ಷಗಳ ನಂತರ. 1987ರಲ್ಲಿ ಅದು ಚಿಪ್ ವ್ಯವಹಾರವನ್ನು ಕೇವಲ 12 ಕೋಟಿ ಡಾಲರಿನಷ್ಟಕ್ಕೆ ನ್ಯಾಷನಲ್ ಸೆಮಿಕಂಡಕ್ಟರಿಗೆ ಮಾರಿತು. ಫೇರ್‌ಚೈಲ್ಡ್ ಹೆಸರು ಅಲ್ಲಿಂದ ಮತ್ತೆ ಸ್ವತಂತ್ರ ಸಂಸ್ಥೆಯಾಗಿ, 2016ರಲ್ಲಿ ಇನ್ನೊಂದು ಸಂಸ್ಥೆಯಲ್ಲಿ ವಿಲೀನಗೊಂಡಿತು. ಕಟ್ಟಡ, ಯಂತ್ರ, ಹೆಸರು, ಪೇಟೆಂಟುಗಳು ಎಲ್ಲವೂ ಕೈ ಬದಲಾಯಿಸಿದವು. ಅಂತರ್ಜಲದ ಹೊಣೆ ಮಾತ್ರ ಷ್ಲುಂಬರ್ಜೆಯ ಬಳಿಯೇ ಉಳಿಯಿತು. ತಾನು ಎಂಟೇ ವರ್ಷ ನಡೆಸಿದ ಉದ್ದಿಮೆಗಾಗಿ ಆ ಸಂಸ್ಥೆಯು ದಶಕಗಳ ಕಾಲ ನೀರೆತ್ತಿ ತೊಳೆಯಬೇಕಾಗಿ ಬಂದಿತು. 1979ರ ಲೆಕ್ಕ ಪರಿಶೋಧಕರು ಆಸ್ತಿ-ಹೊಣೆಗಳ ತಃಖ್ತೆಯಲ್ಲಿ ಈ ಹೊಣೆಗೆ ಒಂದು ಸಾಲನ್ನಾದರೂ ಮೀಸಲಿಟ್ಟಿದ್ದರೆಂದು ನಂಬುವುದು ಕಷ್ಟ.

ದಶಕಗಳೇಕೆ ಬೇಕು? ಉತ್ತರವು ದ್ರಾವಕದ ಗುಣದಲ್ಲಿಯೇ ಇದೆ. ಈ ಉದ್ಯಮದಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದ ಪೆಟ್ರೋಲು ಅಂತರ್ಜಲದ ಮೇಲೆ ತೇಲಿದರೆ ಇದು ನೀರನ್ನೂ ಹಾಯ್ದು ಕೆಳಗಿಳಿಯುತ್ತದೆ. ಜೇಡಿಮಣ್ಣಿನ ಪದರ ಸಿಕ್ಕಲ್ಲಿ ಅದರೊಳಗೆ ಹಿಂಗಿ ಕುಳಿತು, ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುಗಡೆಯಾಗುತ್ತದೆ. ಅಮೆರಿಕದ ಕುಡಿಯುವ ನೀರಿನಲ್ಲಿ ಇದಕ್ಕಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಒಂದೇ ಒಂದು ಲೀಟರ್ ದ್ರಾವಕವು 29 ಕೋಟಿ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಒಂದು ಡ್ರಮ್ಮು ಮಗುಚಿದರೆ ಏನಾಗುತ್ತದೆಂಬುದನ್ನು ಓದುಗರೇ ಗುಣಿಸಿಕೊಳ್ಳಬಹುದು.

ಅದೇ ಜಿಲ್ಲೆಯ ಮೌಂಟನ್ ವ್ಯೂ ನಗರದಲ್ಲಿ ಫೇರ್‌ಚೈಲ್ಡ್, ಇಂಟೆಲ್, ರೇಥಿಯಾನ್ ಮುಂತಾದ ಸಂಸ್ಥೆಗಳ ಹಳೆಯ ಘಟಕಗಳಿದ್ದ ಪ್ರದೇಶವು ಇದಕ್ಕೆ ಜೀವಂತ ನಿದರ್ಶನ. ಒಬ್ಬರ ದ್ರಾವಕ ಇನ್ನೊಬ್ಬರದರೊಡನೆ ಬೆರೆತು, ಹೆದ್ದಾರಿಯನ್ನು ದಾಟಿ ಮಾಫೆಟ್ ಫೀಲ್ಡ್ ವಿಮಾನನೆಲೆಯ ಅಡಿಗೂ ಹರಿದಿದೆ. ಶುದ್ಧೀಕರಣ ಯೋಜನೆ 1989ರಲ್ಲಿ ಅಂತಿಮಗೊಂಡಿತು. ಬೆಂಟೊನೈಟ್ ಬೆರೆಸಿದ ಮಣ್ಣಿನಿಂದ ನೆಲದಡಿಯ ತಡೆಗೋಡೆಗಳು, ಬಾವಿಗಳ ಸಾಲು, ನೀರಿನಿಂದ ದ್ರಾವಕವನ್ನು ಬೇರ್ಪಡಿಸಿ ಸಕ್ರಿಯ ಇಂಗಾಲದಲ್ಲಿ ಹಿಡಿದಿಡುವ ವ್ಯವಸ್ಥೆ ಎಲ್ಲವೂ ಬಂದವು. ಮೂರೂವರೆ ದಶಕ ಕಳೆದರೂ ಕೆಲಸ ಮುಗಿದಿಲ್ಲ. ನೀರನ್ನಷ್ಟೇ ತೊಳೆದರೆ ಸಾಲದು, ನೆಲದಿಂದೇಳುವ ಆವಿಯು ಕಟ್ಟಡಗಳೊಳಗೆ ನುಗ್ಗುತ್ತದೆ ಎಂಬುದು ಸ್ಪಷ್ಟವಾಗಿ ಯೋಜನೆಯನ್ನು 2010ರಲ್ಲಿ ವಿಸ್ತರಿಸಬೇಕಾಯಿತು. 2012ರ ಕೊನೆಯಿಂದ 2013ರ ಆರಂಭದವರೆಗೆ ಆ ಪ್ರದೇಶದ ಗೂಗಲ್ ಕಚೇರಿಗಳಲ್ಲಿ ವಾಯುಸಂಚಾರ ವ್ಯವಸ್ಥೆ ಸರಿಯಾಗಿ ಕೆಲಸ ಮಾಡದೆ ಈ ಆವಿಯ ಪ್ರಮಾಣ ಮಿತಿಯನ್ನು ಮೀರಿತ್ತು. ಚಿಪ್ಪನ್ನೇ ತಯಾರಿಸದ, ತಂತ್ರಾಂಶ ಮಾತ್ರ ಬರೆಯುವ ನೌಕರರು ಹಿಂದಿನ ಬಾಡಿಗೆದಾರರ ದ್ರಾವಕವನ್ನು ಉಸಿರಾಡುವಂತಾಯಿತು.

ಇಲ್ಲಿ ಉದ್ಯಮಿಗಳ ಆಕ್ಷೇಪವೊಂದನ್ನು ಮರೆಮಾಚಬಾರದು. 1980ರ ಸೂಪರ್‌ಫಂಡ್ ಕಾನೂನು ಹಿಂದಿನ ಕಾಲಕ್ಕೂ ಅನ್ವಯಿಸುತ್ತದೆ. ಅಂದು ಕಾನೂನುಬದ್ಧವಾಗಿದ್ದ ಕೃತ್ಯಕ್ಕೂ ಇಂದು ಹೊಣೆ ಹೊರಿಸುತ್ತದೆ. ಹಲವರ ತಪ್ಪಿಗೆ ಕೈಗೆ ಸಿಕ್ಕ ಒಬ್ಬನಿಂದ ಪೂರ್ತಿ ವೆಚ್ಚವನ್ನು ವಸೂಲು ಮಾಡಲು ಅವಕಾಶ ನೀಡುತ್ತದೆ. ಇದು ಕಠೋರವೆಂಬುದು ನಿಜ. ಆದರೆ ಪರ್ಯಾಯವೆಂದರೆ ಲಾಭದಲ್ಲಿ ಪಾಲಿಲ್ಲದ ನೆರೆಹೊರೆಯವರು ಆರೋಗ್ಯದಿಂದಲೂ ತೆರಿಗೆದಾರರು ಬೊಕ್ಕಸದಿಂದಲೂ ತೆರುವುದು. ಅದು ಹೆಚ್ಚು ನ್ಯಾಯವೆಂದು ವಾದಿಸುವುದು ಯಾವ ವಾಣಿಜ್ಯ ಸಂಸ್ಥೆಗೂ ಶೋಭಿಸದು. ಇಷ್ಟಾಗಿ ಆ ಕಠೋರತೆಯೇ ಒಂದು ಒಳ್ಳೆಯ ಪದ್ಧತಿಯನ್ನು ಹುಟ್ಟುಹಾಕಿತು. ಕೊಳ್ಳುವ ಮುನ್ನ ತಕ್ಕ ವಿಚಾರಣೆ ನಡೆಸಿದ ಖರೀದಿದಾರನಿಗೆ ರಕ್ಷಣೆಯುಂಟೆಂದು 1986 ಹಾಗೂ 2002ರ ತಿದ್ದುಪಡಿಗಳು ಹೇಳಿದ್ದರಿಂದ, ಅಲ್ಲಿ ಇಂದು ಬ್ಯಾಂಕುಗಳೇ ನಿವೇಶನದ ಪರಿಸರ ವರದಿ ಇಲ್ಲದೆ ವಾಣಿಜ್ಯ ಜಮೀನಿಗೆ ಸಾಲ ಕೊಡಲು ಹಿಂಜರಿಯುತ್ತವೆ.

ಕಂಪನಿಯನ್ನು ಮುಚ್ಚಿಬಿಟ್ಟರೆ ಪಾರಾದಂತೆ ಎಂದು ಲೆಕ್ಕ ಹಾಕುವವರು ತೈವಾನಿನತ್ತ ನೋಡಬೇಕು. ತಾವ್‌ಯುವಾನಿನಲ್ಲಿದ್ದ ಆರ್‌ಸಿಎ ಟೆಲಿವಿಷನ್ ಕಾರ್ಖಾನೆ ಜಿಇ ಸಂಸ್ಥೆಗೆ, ಅಲ್ಲಿಂದ ಥಾಮ್ಸನ್‌ಗೆ ಹೋಗಿ 1992ರಲ್ಲಿ ಮುಚ್ಚಿತು. ಮಾಲಿನ್ಯ ಬಯಲಾದದ್ದು 1994ರಲ್ಲಿ. ಹಣವೆಲ್ಲ ಹೊರದೇಶಕ್ಕೆ ಹೋಗಿತ್ತು. ಆದರೂ ಕಾರ್ಮಿಕರು ಬಿಡಲಿಲ್ಲ. 2018ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಮಾತೃ ಸಂಸ್ಥೆಗಳ ಹೊಣೆಯನ್ನು ಎತ್ತಿಹಿಡಿಯಿತು.

ಭಾರತದಲ್ಲಿ ಮಾಲಿನ್ಯಕಾರನೇ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ರಾಜಸ್ಥಾನದ ಬಿಛ್ರಿ ಪ್ರಕರಣದಲ್ಲಿಯೇ ಸಾರಿತ್ತು. ಹಣ ಕಟ್ಟದೆ ಎಳೆದಾಡಿದ ಕಂಪನಿಗಳಿಗೆ ಸುಮಾರು 37 ಕೋಟಿ ರೂಪಾಯಿಗಳನ್ನು ಚಕ್ರಬಡ್ಡಿ ಸಹಿತ ತೆರುವಂತೆ 2011ರಲ್ಲಿ ಅದೇ ನ್ಯಾಯಾಲಯ ಆದೇಶಿಸಬೇಕಾಯಿತು. ಈಗಿನ ಹೊಸ ನಿಯಮಾವಳಿಯು ಶಂಕಿತ ಸ್ಥಳಗಳನ್ನು ಗುರುತಿಸುವ ಕೆಲಸವನ್ನು ಸ್ಥಳೀಯ ಆಡಳಿತಕ್ಕೂ ಪರೀಕ್ಷೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ವಹಿಸಿ, ಶುದ್ಧೀಕರಣದ ವೆಚ್ಚವನ್ನು ಹೊಣೆಗಾರನ ಮೇಲೆ ಹಾಕಿದೆ. ಹೊಣೆಗಾರ ಸಿಗದಿದ್ದಲ್ಲಿ ಮಾತ್ರ ಸರ್ಕಾರಗಳು ಭರಿಸತಕ್ಕದ್ದು. ಜಮೀನು ನಾಲ್ಕು ಕೈ ಬದಲಾಯಿಸಿದ್ದಲ್ಲಿ ಹೊಣೆಗಾರನನ್ನು ಗುರುತಿಸುವುದು ಹೇಗೆ? ನಿಜವಾದ ತಗಾದೆ ಹುಟ್ಟುವುದು ಅಲ್ಲಿಯೇ.

ಬೆಂಗಳೂರಿನ ನೆಲ ಈ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಕಣಿವೆಗಿಂತ ಕಷ್ಟದ್ದು. ಅಲ್ಲಿ ಮರಳು, ಜೇಡಿಯ ಮೆತ್ತನೆಯ ಪದರಗಳಿದ್ದುದರಿಂದ ತಡೆಗೋಡೆ ಕಟ್ಟಲು ಸಾಧ್ಯವಾಯಿತು. ಇಲ್ಲಿ ಅಂತರ್ಜಲವಿರುವುದು ಗಟ್ಟಿ ಶಿಲೆಯ ಬಿರುಕುಗಳಲ್ಲಿ. ಆ ಬಿರುಕು ಯಾವ ದಿಕ್ಕಿಗೆ ಎಷ್ಟು ಆಳಕ್ಕೆ ಹೋಗಿದೆಯೆಂದು ಕೊಳವೆ ಬಾವಿ ಕೊರೆದವರಿಗೂ ಹೇಳಲಾಗದು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಕಾಣಿಸಿಕೊಂಡಿರುವ ಸಂಗತಿ ಉದ್ಯಮ ವಲಯಕ್ಕೆ ಹೊಸದೇನಲ್ಲ.

ಆದುದರಿಂದ ವಾಣಿಜ್ಯ ಸಂಸ್ಥೆಗಳು ಸರ್ಕಾರದ ನೋಟೀಸಿಗಾಗಿ ಕಾಯದೆ, ಕೈಗಾರಿಕಾ ಜಮೀನು ಪರಭಾರೆಯಾಗುವಾಗ ಅಥವಾ ವಸತಿ ಬಳಕೆಗೆ ಬದಲಾಗುವಾಗ ಮಣ್ಣು ಹಾಗೂ ಅಂತರ್ಜಲದ ಪರೀಕ್ಷಾ ವರದಿಯನ್ನೂ ಅಲ್ಲಿ ಬಳಸಿದ ರಾಸಾಯನಿಕಗಳ ಪಟ್ಟಿಯನ್ನೂ ಕ್ರಯಪತ್ರಕ್ಕೆ ಲಗತ್ತಿಸುವ ಪದ್ಧತಿಗೆ ತಾವೇ ಒತ್ತಾಯಿಸುವುದು ಉಚಿತ. ಪರೀಕ್ಷೆಯ ವೆಚ್ಚ ಮಾರಾಟಗಾರನದು. ತನ್ನ ನೆಲದ ಮಾಲಿನ್ಯವನ್ನು ತಾನೇ ಮುಂದೆ ಬಂದು ತಿಳಿಸಿದ ಘಟಕಕ್ಕೆ ದಂಡದ ಬದಲು ಕಾಲಾವಕಾಶ ದೊರೆಯಬೇಕು. ಇಲ್ಲವಾದರೆ ಎಲ್ಲರೂ ಸಿಮೆಂಟು ಸುರಿದು ಸುಮ್ಮನಾಗುತ್ತಾರೆ. ಎರಡು ಗುಂಟೆಯ ಶೆಡ್ಡಿನಲ್ಲಿ ಲೇಪನ ಘಟಕ ನಡೆಸುವವರಿಗೆ ಈ ಪರೀಕ್ಷೆಯ ವೆಚ್ಚವೇ ಭಾರವಾದೀತು. ಅಂತಹವರಿಗಾಗಿ ಕೈಗಾರಿಕಾ ವಸಾಹತಿನ ಮಟ್ಟದಲ್ಲಿ ಸಾಮೂಹಿಕ ವೀಕ್ಷಣಾ ಬಾವಿಗಳನ್ನು ಕೊರೆಸಿ, ವೆಚ್ಚವನ್ನು ಹಂಚಿಕೊಳ್ಳಬಹುದು.

ಹೊಸದಾಗಿ ಬರಲಿರುವ ಎಲೆಕ್ಟ್ರಾನಿಕ್ಸ್ ಘಟಕಗಳ ಹಿತವೂ ಇದರಲ್ಲಿದೆ. ನಿವೇಶನ ಕೈಗೆ ಬಂದ ದಿನದ ಮಣ್ಣು-ನೀರಿನ ಸ್ಥಿತಿ ದಾಖಲಾಗದಿದ್ದಲ್ಲಿ, ಮೂವತ್ತು ವರ್ಷಗಳ ತರುವಾಯ ಪಕ್ಕದವನ ದ್ರಾವಕ ತನ್ನದಲ್ಲವೆಂದು ತೋರಿಸಲು ಮಾಲೀಕನ ಬಳಿ ಯಾವ ಆಧಾರವೂ ಇರುವುದಿಲ್ಲ. ಆ ನಮೂನೆಗಳನ್ನು ಅಡಿಪಾಯ ತೋಡುವ ಮೊದಲೇ ತೆಗೆಸಿ, ಮುದ್ರೆಯೊತ್ತಿದ ವರದಿಯನ್ನು ಹಂಚಿಕೆ ಪತ್ರದ ಜೊತೆಗೇ ಕಡತದಲ್ಲಿ ಇರಿಸತಕ್ಕದ್ದು.