ಮರಿ ಕಾಯೋ ಕೊರಮೀನಿಗೆ ಗಾಳ ಹಾಕಬೇಡಿ

ನಿನ್ನೆ ಬೆಳಿಗ್ಗೆ ತೂಬಿನ ಹತ್ರ ಕಾಲುವೆ ನೋಡೋಕೆ ಹೋಗಿದ್ದೆ. ಏರಿ ಮೇಲೆ ಎರಡು ಬೈಕು, ಜೊಂಡಿನ ಅಂಚಲ್ಲಿ ನಾಲ್ಕು ಹುಡುಗರು. ದಾರದ ತುದಿಗೆ ರಬ್ಬರ್ ಕಪ್ಪೆ. ನೀರಿನ ಮೇಲೆ ತಟ್ಟೆಯಗಲ ಕೆಂಪಗೆ ಮರಿಗಳು ಬುಳುಬುಳು ಅಂತಿದ್ವು. ಸರಿಯಾಗಿ ಅದರ ನಡುವಕ್ಕೇ ಕಪ್ಪೆ ಎಸೆದರು. ಮೂರನೇ ಸಲಕ್ಕೆ ದಬಕ್ ಅಂತು. ಎರಡು ಕೇಜಿ ಹತ್ತಿರದ ಕೊರಮೀನು. ಫೋಟೋ ಹೊಡೆದು ಚೀಲಕ್ಕೆ ಹಾಕ್ಕೊಂಡರು.

ಅದು ಹಸಿವಿಗೆ ಕಚ್ಚಿದ್ದಲ್ಲ ಸ್ವಾಮಿ. ಕೊರಮೀನು ಜೊಂಡಿನ ಸಂದಿಯಲ್ಲಿ ಮೊಟ್ಟೆ ತೇಲಿಬಿಟ್ಟು, ಮರಿ ದೊಡ್ಡವಾಗೋವರೆಗೂ ಅಡಿಯಲ್ಲೇ ಕಾವಲಿರುತ್ತೆ. ಹತ್ರ ಬಂದದ್ದನ್ನೆಲ್ಲ ಓಡಿಸೋಕೆ ಬಾಯಿ ಹಾಕುತ್ತೆ. ಅದನ್ನ ಹಿಡಿಯೋದು ಶೂರತನವಾ? ಸಂಜೆ ಮತ್ತೆ ಹೋಗಿ ನೋಡಿದೆ. ಬೆಳ್ಳಕ್ಕಿಗಳು ನಿಂತಿದ್ವು, ಮರಿಗಳಿರಲಿಲ್ಲ.

ನಾನೇನೂ ಸಾಚಾ ಅಲ್ಲ. ಹೈಸ್ಕೂಲಲ್ಲಿದ್ದಾಗ ಜೀವಂತ ಕಪ್ಪೆ ಚುಚ್ಚಿ ಇದೇ ಕೆಲಸ ಮಾಡಿದ್ದೆ. "ಬಾಣಂತೀನ ಕೊಂದು ತಂದಿದೀಯಲ್ಲೋ" ಅಂದ ಅಪ್ಪ ಅವತ್ತು ಊಟಕ್ಕೇ ಕೂರಲಿಲ್ಲ. ಆಗ ನಕ್ಕಿದ್ದೆ.

ಕೆರೆ ಟೆಂಡರ್ ಹಿಡಿದೋರು ಒಂದು ಮಾತು ಹೇಳ್ತಾರೆ: "ಕೊರಮೀನು ನಾವು ಬಿಟ್ಟ ಮರಿ ತಿನ್ನುತ್ತೆ, ಹೋದ್ರೆ ಹೋಗಲಿ." ತಿನ್ನುತ್ತೆ, ಸುಳ್ಳಲ್ಲ. ಹಾಗಾದ್ರೆ ಬೆರಳುದ್ದದ ಮರಿ ಬಿಡೋ ಬದಲು ಗೇಣುದ್ದಕ್ಕೆ ಬೆಳೆಸಿ ಬಿಡಲಿ. ಇನ್ನೊಂದು ಲೆಕ್ಕಾನೂ ನೋಡಿ. ಕಾಟ್ಲಾ, ರೋಹು ಗಂಗೆ ಕಡೆಯ ಹೊಳೆ ಮೀನುಗಳು. ನಿಂತ ನೀರಲ್ಲಿ ಅವು ಮರಿ ಮಾಡಲ್ಲ, ವರ್ಷಾ ವರ್ಷಾ ದುಡ್ಡು ಕೊಟ್ಟು ತರಬೇಕು. ಕೊರಮೀನಿಗೆ ಯಾರೂ ಕಾಸು ಬಿಚ್ಚಬೇಕಾಗಿಲ್ಲ. ತಲೆ ಮೇಲೆತ್ತಿ ಗಾಳಿ ಕುಡಿಯೋ ಮೀನು ಅದು. ಬೇಸಿಗೇಲಿ ಕೆರೆ ಬತ್ತಿದ್ರೂ ಹಸಿ ಕೆಸರಲ್ಲಿ ಹುದುಗಿ ಮಳೆಗೆ ಕಾಯುತ್ತೆ. ಸಂತೇಲಿ ಕಾಟ್ಲಾಗಿಂತ ಜಾಸ್ತಿ ರೇಟು. ನಾವು ನಾಟಿ ಬೀಜ ಕಳ್ಕೊಂಡು ಅಂಗಡಿ ಮುಂದೆ ಕ್ಯೂ ನಿಂತವರು. ಕೆರೇಲೂ ಅದನ್ನೇ ಮಾಡೋದಾ?

ಮೀನು ಹಿಡೀಬೇಡಿ ಅಂತ ನಾನು ಹೇಳ್ತಿಲ್ಲ. ನನಗೂ ಮೀನಿನ ಸಾರು ಬೇಕು. ಕೇಳೋದು ಇಷ್ಟೇ. ಮುಂಗಾರು ಶುರುವಾದ ಮೇಲೆ ಕೆಂಪು ಮರಿ ಗುಂಪು ಕಂಡರೆ ಹತ್ತು ಮಾರು ಆಚೆ ಹೋಗಿ ಗಾಳ ಹಾಕಿ. ತಪ್ಪಿ ಸಿಕ್ಕಿದ್ರೆ ಕೈ ಒದ್ದೆ ಮಾಡ್ಕೊಂಡು ಮುಳ್ಳು ಬಿಡಿಸಿ, ಅಲ್ಲೇ ನೀರಿಗೆ ಬಿಡಿ. ಕೆರೆ ಅಂಚಿನ ಜೊಂಡಿಗೆ ಕಳೆನಾಶಕ ಹೊಡೀಬೇಡಿ, ಅದು ಅವುಗಳ ತೊಟ್ಟಿಲು.

ಮುಂದಿನ ಗ್ರಾಮಸಭೇಲಿ ಇದನ್ನ ಎತ್ತುತೀನಿ. ಒಬ್ಬನೇ ಎದ್ದು ನಿಂತ್ರೆ "ಮೀನಿನ ವಕೀಲ ಬಂದ" ಅಂತ ನಗ್ತಾರೆ. ನಾಲ್ಕು ಜನ ಜೊತೆಗೆ ಬನ್ನಿ.